ಐವತ್ತೈದಕ್ಕೆ ಹಾರ್ಮೋನಿಯಂ ಹಿಡಿಯುವವರಿಗೆ

ದಾವಣಗೆರೆ ಸುತ್ತಿನ ಹಳ್ಳಿಗಳಲ್ಲಿ ಬೆಳೆದು ಈಗ ಐವತ್ತು ದಾಟಿದ ಅನೇಕರಿಗೆ ಒಂದು ಕಾಲಕ್ಕೆ ನಾಟಕದ ಹುಚ್ಚಿತ್ತು. ರಂಗನಟಿ ಚಿಂದೋಡಿ ಲೀಲಾ ಅವರ ಊರು ಇದು, ಇರದೆ ಏನು? ಬಣ್ಣ ಹಚ್ಚಬೇಕು, ರಂಗಗೀತೆ ಎತ್ತಬೇಕು, ಒನ್ಸ್‌ಮೋರ್ ಬೀಳಬೇಕು. ಆಮೇಲೆ ಅಂಗಡಿ, ಹೊಲ, ಮಕ್ಕಳ ಫೀಸು, ಸೊಸೈಟಿ ಸಾಲ. ಈಗ ಅದೇ ಆಸೆ ಬೇರೆ ವೇಷದಲ್ಲಿ ವಾಪಸ್ ಬರುತ್ತದೆ: ಶ್ರಾವಣದ ಭಜನೆಯಲ್ಲಿ ನಾಲ್ಕು ವಚನಕ್ಕೆ ಹಾರ್ಮೋನಿಯಂ ಪೆಟ್ಟಿಗೆ ನುಡಿಸಿದರೆ ಸಾಕು. ಇದನ್ನು ಸೋತವರ ಸಮಾಧಾನ ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಇಪ್ಪತ್ತರ ಆಸೆಗೆ ನಾಟಕ ಕಂಪನಿ ಮಾಲೀಕರು ಹೂಂ ಅನ್ನಬೇಕಿತ್ತು. ಈ ಆಸೆಗೆ ದಿನಕ್ಕೆ ನಲವತ್ತು ನಿಮಿಷ ಕೊಟ್ಟರೆ ಆಯಿತು.

ಮೊದಲ ತಪ್ಪು ಆಗುವುದು ಶ್ರುತಿಯಲ್ಲೇ, ಅಂದರೆ ಷಡ್ಜ (ಸಾ) ಎಲ್ಲಿ ಇಡುತ್ತೀರಿ ಅನ್ನುವುದರಲ್ಲೇ. ಹರೆಯದಲ್ಲಿ ಕರಿ ಎರಡಕ್ಕೆ (ಎರಡನೇ ಕಪ್ಪು ಮನೆಗೆ; ಮನೆ ಅಂದರೆ ಬೆರಳಿಂದ ಒತ್ತುವ ಕೀಲಿ) ಹಾಡುತ್ತಿದ್ದೆ ಅಂತ ಈಗಲೂ ಅಲ್ಲೇ ಷಡ್ಜ ಹಿಡಿದರೆ ಮೇಲಿನ ಸ್ವರ ಎಟಕುವುದಿಲ್ಲ, ಗಂಟಲು ಒಡೆಯುತ್ತದೆ, ವಾರದೊಳಗೆ ಪೆಟ್ಟಿಗೆ ಅಟ್ಟ ಸೇರುತ್ತದೆ. ಹೆಂಗಸರಿಗೂ ಮುಟ್ಟು ನಿಂತ ಮೇಲೆ ದನಿ ತುಸು ದಪ್ಪವಾಗುತ್ತದೆ. ಕರಿ ಐದರಲ್ಲಿ ಹಾಡುತ್ತಿದ್ದವರು ಕರಿ ನಾಲ್ಕಕ್ಕೋ ಬಿಳಿ ಐದಕ್ಕೋ ಬರಬೇಕಾಗುತ್ತದೆ. ಪರೀಕ್ಷೆ ಸುಲಭ. ಒಂದು ಮನೆ ಒತ್ತಿ ಅದನ್ನು ಸಾ ಮಾಡಿಕೊಳ್ಳಿ. ಕೆಳಗೆ ಮಂದ್ರ ಪಂಚಮದವರೆಗೆ (ಸಾ ಕೆಳಗಿನ ಪ), ಮೇಲೆ ತಾರ ಗಾಂಧಾರದವರೆಗೆ (ಮೇಲಿನ ಸಾ ದಾಟಿದ ಗ) ಕುತ್ತಿಗೆ ಬಿಗಿಯದೆ ಹೋಗಿ ಬರಲು ಆದರೆ ಅದೇ ನಿಮ್ಮ ಶ್ರುತಿ. ಗಂಡಸರಲ್ಲಿ ಬಹಳ ಜನಕ್ಕೆ ಇದು ಬಿಳಿ ಒಂದು ಅಥವಾ ಕರಿ ಒಂದಕ್ಕೆ ಕೂರುತ್ತದೆ.

ಕರಿ ಒಂದು ಕಲಿಯುವವರಿಗೂ ಒಳ್ಳೆಯದು. ಅಲ್ಲಿ ಸಾ ಇಟ್ಟರೆ ರಿ ಕರಿ ಎರಡು, ಗ ಬಿಳಿ ನಾಲ್ಕು, ಮ ಪ ಧ ಸಾಲಾಗಿ ಕರಿ ಮೂರು, ನಾಲ್ಕು, ಐದು. ನಿ ಮುಂದಿನ ಸಪ್ತಕದ (ಏಳು ಸ್ವರಗಳ ಸುತ್ತಿನ) ಬಿಳಿ ಒಂದು. ಬೆರಳು ಹೀಗೆ: ಸಾ ತೋರುಬೆರಳು, ರಿ ನಡುಬೆರಳು, ಗ ಹೆಬ್ಬೆರಳು, ಮತ್ತೆ ಮ ತೋರುಬೆರಳು, ಪ ನಡುಬೆರಳು, ಧ ಉಂಗುರ ಬೆರಳು, ನಿ ಹೆಬ್ಬೆರಳು, ಮೇಲಿನ ಸಾ ತೋರುಬೆರಳು. ಹೆಬ್ಬೆರಳು ಬಿಳಿ ಮನೆಗೆ ಮಾತ್ರ. ಎಲ್ಲವನ್ನೂ ತೋರುಬೆರಳೊಂದರಲ್ಲೇ ಕುಟ್ಟುವ ಚಾಳಿ ಬಿದ್ದರೆ ಮುಂದೆ ಎಂಥ ಮೇಷ್ಟ್ರು ಸಿಕ್ಕರೂ ಬಿಡಿಸುವುದು ಕಷ್ಟ. ಮೊದಲ ರಾಗ ಭೂಪ್ ಇರಲಿ: ಸಾ ರಿ ಗ ಪ ಧ, ಐದರಲ್ಲಿ ಬಿಳಿ ಮನೆ ಒಂದೇ.

ಪೆಟ್ಟಿಗೆ ಕೊಳ್ಳುವಾಗ ಮೂರೂವರೆ ಸಪ್ತಕದ, 42 ಮನೆಯ, ಎರಡು ಸಾಲು ರೀಡಿನದು (ರೀಡು ಅಂದರೆ ದನಿ ಹೊರಡಿಸುವ ಲೋಹದ ನಾಲಿಗೆ) ಸಾಕು. ಸ್ಕೇಲ್ ಚೇಂಜರ್ (ಮನೆಗಳ ಸಾಲನ್ನೇ ಸರಿಸಿ ಶ್ರುತಿ ಬದಲಿಸುವಂಥದ್ದು) ಬೇಡವೇ ಬೇಡ; ತೂಕ ಹೆಚ್ಚು, ರಿಪೇರಿ ಹೆಚ್ಚು, ಭಜನೆಗೆ ಅದರ ಕೆಲಸವೂ ಇಲ್ಲ. ಹಳೆಯದಾದರೆ ಸ್ಟಾಪರ್ (ಗಾಳಿ ಬಿಡುವ, ತಡೆಯುವ ಗುಬ್ಬಿ) ಎಲ್ಲ ಮುಚ್ಚಿ ಗಾಳಿ ತುಂಬಿ ಬಿಡಿ: ಒಳಗಿನ ತಿದಿ ಬೇಗ ಇಳಿದರೆ ಎಲ್ಲೋ ಸೋರುತ್ತಿದೆ, ಹೆಚ್ಚಾಗಿ ಇಲಿ ಕಡಿದಿರುತ್ತದೆ. ಸ್ಟಾಪರ್ ತೆಗೆದು, ಯಾವ ಮನೆಯನ್ನೂ ಒತ್ತದೆ ಗಾಳಿ ಹಾಕಿದಾಗ ಗುಂಯ್ ಅಂದರೆ ಯಾವುದೋ ಮನೆ ಸರಿಯಾಗಿ ಮುಚ್ಚಿಲ್ಲ. ಒಂದು ಸ್ವರ ಮೂಕವಾದರೆ ರೀಡಿನ ನಾಲಿಗೆಯಡಿ ಧೂಳು ಸಿಕ್ಕಿರಬಹುದು. ತೆಳು ಕಾಗದ ತೂರಿಸಿ ಮೆಲ್ಲಗೆ ಎಳೆಯಿರಿ. ಬಾಯಿಂದ ಊದಬೇಡಿ, ಉಸಿರಿನ ತೇವ ಒಳ್ಳೆಯದಲ್ಲ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಶೀಟಿನ ಸೂರಿನಡಿ ಪೆಟ್ಟಿಗೆ ಇಟ್ಟರೆ ಮರ ಬಿರಿಯುತ್ತದೆ. ಮಳೆಗಾಲದಲ್ಲಿ ಅದೇ ಮರ ಉಬ್ಬಿ ಮನೆಗಳು ಕಚ್ಚಿಕೊಳ್ಳುತ್ತವೆ.

ಮಂಡಿ ನೋವಿದ್ದರೆ ಚಕ್ಕಳಮಕ್ಕಳ ಹಾಕುವ ಹಟ ಬಿಡಿ. ಕುರ್ಚಿಯಲ್ಲಿ ಕೂತು, ಮೊಣಕೈ ಮಟ್ಟಕ್ಕಿಂತ ಪೆಟ್ಟಿಗೆ ಮೇಲೇರದಂತೆ ಸಣ್ಣ ಟೇಬಲ್ ಮೇಲಿಡಿ. ತಿದಿಯನ್ನು ಎಡಗೈ ಮಣಿಕಟ್ಟಿನಿಂದ ಸಣ್ಣ ಸಣ್ಣದಾಗಿ, ಒಂದೇ ಸಮ ಒತ್ತಬೇಕು. ಭುಜದಿಂದ ದೂಡಿದರೆ ದನಿ ಉಬ್ಬಿ ಇಳಿಯುತ್ತದೆ, ಭುಜವೂ ಹಿಡಿದುಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಭುಜ ಬಿಗಿಯುವುದು ಮೊದಲೇ ಜಾಸ್ತಿ. ಬೆಳಿಗ್ಗೆ ಇಪ್ಪತ್ತು, ಸಂಜೆ ಇಪ್ಪತ್ತು ನಿಮಿಷ. ಭಾನುವಾರ ಒಂದೇ ಸಲ ಮೂರು ತಾಸು ಕೂತರೆ ಸೋಮವಾರ ಬೆರಳು ಮಡಚಲಾಗುವುದಿಲ್ಲ. ಸ್ವರಲಿಪಿ ದಪ್ಪ ಅಕ್ಷರದಲ್ಲಿ ಕೈಯಾರೆ ಬರೆದುಕೊಳ್ಳಿ. ಓದುವ ಕನ್ನಡಕಕ್ಕೆ ಪೆಟ್ಟಿಗೆಯಾಚೆಯ ಪುಸ್ತಕ ಮಸುಕಾಗಿ ಕಾಣುತ್ತದೆ.

ಇನ್ನೊಂದು ಮಾತು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. ಅದರಲ್ಲಿ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಬರುವುದಿಲ್ಲ, ಸ್ವರಗಳ ಸೂಕ್ಷ್ಮ ಸ್ಥಾನ ಸಿಗುವುದಿಲ್ಲ ಎಂಬ ಆಕ್ಷೇಪ. ನಿಷೇಧ ಅತಿಯಾಯಿತು, ಆಕ್ಷೇಪ ಮಾತ್ರ ಸುಳ್ಳಲ್ಲ. ಹಾಗಾಗಿ ನುಡಿಸಿದ್ದನ್ನೆಲ್ಲ ಬಾಯಲ್ಲೂ ಹಾಡಿ, ವಾರಕ್ಕೊಮ್ಮೆ ಮೊಬೈಲಿನ ತಂಬೂರಿಯ ಜೊತೆ ಪೆಟ್ಟಿಗೆಯಿಲ್ಲದೆ ಹಾಡಿ.

ಭಜನೆಯಲ್ಲಿ ಮೊದಲ ಆರು ತಿಂಗಳು ಹಿರಿಯರ ಪಕ್ಕ ಕೂತು ಸಾ, ಪ ಮನೆಗಳನ್ನು ಒತ್ತಿ ಹಿಡಿದುಕೊಂಡಿರಿ, ಅಷ್ಟೇ. ಆಮೇಲೆ ಪಲ್ಲವಿ ಮಾತ್ರ. ಭಜನೆ ಅಂದಮೇಲೆ ಲಯ ಏರುತ್ತಲೇ ಹೋಗುತ್ತದೆ. ಪ್ರತಿ ಅಕ್ಷರಕ್ಕೂ ಬೆರಳು ಹಾಕಲು ಹೋದವರು ತಾಳದ ಎರಡನೇ ಸುತ್ತಿಗೇ ಹಿಂದೆ ಬೀಳುತ್ತಾರೆ. ತಾಳದ ಪೆಟ್ಟು ಬೀಳುವ ಸ್ವರ ಹಿಡಿದರೆ ಉಳಿದದ್ದನ್ನು ಹಾಡುವವರೇ ತುಂಬುತ್ತಾರೆ.

ಮೇಷ್ಟ್ರಿಗೆ ಮೊದಲ ದಿನವೇ ಹೇಳಿಬಿಡಿ: "ಪರೀಕ್ಷೆ ಕಟ್ಟಲ್ಲ ಸಾರ್, ಭಜನೆಗೆ ಕೂರೋ ಹಂಗಾದ್ರೆ ಸಾಕು." ಹೇಳದಿದ್ದರೆ ಶಾಲೆ ಹುಡುಗರ ಜೊತೆ ವರ್ಷವಿಡೀ ಅಲಂಕಾರ (ಸ್ವರಗಳ ಅಭ್ಯಾಸಪಾಠ) ತಿದ್ದಿಸುತ್ತಾರೆ. ವರ್ಷಕ್ಕೆ ಒಂದು ರಾಗ, ನಾಲ್ಕು ವಚನ ಅಂತ ಕೇಳಿಕೊಳ್ಳಿ. ಅದಕ್ಕೆ ಒಪ್ಪದ ಮೇಷ್ಟ್ರಿದ್ದರೆ ಇನ್ನೊಬ್ಬರನ್ನು ಹುಡುಕಿ. ಹಳ್ಳಿ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರುಗಳು ಹರಿಹರ, ಜಗಳೂರು ಕಡೆ ಇದ್ದಾರೆ. ಜಾತ್ರೆಯ ಸೀಸನ್ ಮುಗಿದ ಮೇಲೆ ಕೇಳಿದರೆ ಬಿಡುವು ಸಿಗುತ್ತದೆ.