ಬೇಲಿಯಾಚೆಯ ಹಕ್ಕಿ

ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ಗೆ ಬಂದ ಮೊದಲ ಜನವರಿಯಲ್ಲೇ ನನಗೂ ಸೀಡರ್ ಮರಕ್ಕೂ ಜಗಳ ಶುರುವಾಯಿತು. ಇಲ್ಲಿನವರ ಬಾಯಲ್ಲಿ ಅದು ಸೀಡರ್, ಪುಸ್ತಕದಲ್ಲಿ ಆಶ್ ಜೂನಿಪರ್. ಪರಾಗ ಹಾರಿತೋ, ತಿಂಗಳಿಡೀ ಸೀನು. ದನ ಸಾಕುವ ರಾಂಚ್‌ನವರಿಗೂ ಅದು ಬೇಡ. ಹುಲ್ಲು ಬೆಳೆಯಲು ಬಿಡಲ್ಲ, ನೀರೆಲ್ಲ ಕುಡಿಯುತ್ತೆ ಎಂಬ ದೂರು.

ಗೋಲ್ಡನ್ ಚೀಕ್ಡ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಗೆ ಮಾತ್ರ ಆ ಮರವೇ ಬೇಕು. ಹಳೇ ಸೀಡರ್‌ನ ಸಿಪ್ಪೆ ಎಳೆಎಳೆಯಾಗಿ ಸುಲಿದು, ಜೇಡರ ಬಲೆಯಿಂದ ಬಿಗಿದು ಗೂಡು ಕಟ್ಟುತ್ತದೆ. ಮರಿ ಮಾಡುವುದು ಟೆಕ್ಸಾಸ್‌ನಲ್ಲಿ ಮಾತ್ರ. 1990ರಲ್ಲಿ ಅದು ಅಮೆರಿಕ ಸರ್ಕಾರದ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. ಅಂದಿನಿಂದ ಅದರ ಗೂಡಿನ ಸೀಡರ್ ಕಡಿಯಬೇಕಾದರೆ ಕಾನೂನು ನೆನಪಿಡಬೇಕು.

ಏಪ್ರಿಲ್‌ನಲ್ಲಿ ಸಹೋದ್ಯೋಗಿಯ ಮಾವನ ರಾಂಚ್‌ಗೆ ಹಕ್ಕಿ ನೋಡಲು ಹೋಗಿದ್ದೆ. ಗೇಟ್ ತೆಗೆಯುತ್ತಲೇ ಆ ಹಿರಿಯರು ಕೇಳಿದರು: "ನನ್ನ ಜಮೀನಿಗೆ ಕಾಲಿಡದೇ ಇಲ್ಲಿ ಎಷ್ಟು ಹಕ್ಕಿ ಇವೆ ಅಂತ ಸರ್ಕಾರದವರಿಗೆ ಹೇಗೆ ಗೊತ್ತು?"

ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಟೆಕ್ಸಾಸ್‌ನ ನೂರಕ್ಕೆ 90ಕ್ಕಿಂತ ಜಾಸ್ತಿ ನೆಲ ಖಾಸಗಿಯವರದು. ಮಾಲೀಕ ಬಿಟ್ಟರೆ ಎಣಿಕೆ, ಇಲ್ಲದಿದ್ದರೆ ಇಲ್ಲ. 1990ರ ಸುಮಾರಿಗೆ ಇದ್ದ ಒಂದು ಅಂದಾಜಿನಲ್ಲಿ ಈ ಹಕ್ಕಿಯ ಗೂಡುನೆಲೆಗಳು ಸುಮಾರು 13,800. 2012ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಸಂಶೋಧಕರ ಲೆಕ್ಕದಲ್ಲಿ ಗಂಡು ಹಕ್ಕಿಗಳೇ ಸುಮಾರು 2,63,000! ಹಕ್ಕಿ ಅಷ್ಟು ಹೆಚ್ಚಿತು ಅಂತಲ್ಲ, ಲೆಕ್ಕ ಹಾಕುವ ರೀತಿಯೇ ಬೇರೆ. ತಿಪಟೂರಿನಲ್ಲಿ ಕಾಯಿ ವ್ಯಾಪಾರಿ ನಮ್ಮ ತೋಟದ ನಾಲ್ಕು ಸಾಲು ನೋಡಿ ಇಡೀ ತೋಟಕ್ಕೆ ರೇಟು ಹೇಳುತ್ತಿದ್ದ. ಒಳ್ಳೇ ಸಾಲು ನೋಡಿದರೆ ನಮಗೆ ಲಾಭ, ಬಡ ಸಾಲು ನೋಡಿದರೆ ಅವನಿಗೆ. ಹೊಸ ಲೆಕ್ಕದ ಮೇಲೂ ಅದೇ ತಕರಾರು: ಹಕ್ಕಿ ವಿರಳವಾಗಿರುವ ಕಡೆ ಅದು ಜಾಸ್ತಿ ತೋರಿಸುತ್ತದಂತೆ.

ಈ ಪಟ್ಟಿಯ ಹಿಂದಿರುವ 1973ರ ಅಳಿವಿನಂಚಿನ ಜೀವಿಗಳ ಕಾನೂನು ಖಚಿತ ಎಣಿಕೆ ಕೇಳುವುದೇ ಇಲ್ಲ. ಸಿಕ್ಕಿರುವ ಮಾಹಿತಿಯಲ್ಲಿ ಅತ್ಯುತ್ತಮವಾದದ್ದರ ಮೇಲೆ ನಿರ್ಧರಿಸಿ ಅನ್ನುತ್ತದೆ. ಪಟ್ಟಿಗೆ ಸೇರಿಸುವಾಗ ಹಣದ ನಷ್ಟ ನೋಡುವಂತಿಲ್ಲ. ಇದು ನನಗೆ ಸರಿಯೇ. ಖಚಿತವಾಗುವವರೆಗೆ ಕಾದರೆ ಎಣಿಸಲು ಹಕ್ಕಿ ಉಳಿಯಬೇಕಲ್ವಾ? ಆದರೆ ಹಿರಿಯರ ಸಿಟ್ಟಿನಲ್ಲೂ ಹುರುಳಿದೆ. ಹಕ್ಕಿಯನ್ನು ಪಟ್ಟಿಯಿಂದ ತೆಗೆಯಿರಿ ಎಂಬ 2015ರ ಅರ್ಜಿಯನ್ನು ಕೇಂದ್ರ ಸರ್ಕಾರದ ವನ್ಯಜೀವಿ ಇಲಾಖೆ ಮರುವರ್ಷವೇ ತಿರಸ್ಕರಿಸಿತು. ತೆಗೆಯುವುದು ಸರಿಯಿರಬಹುದು ಅನ್ನಿಸುವಷ್ಟು ಮಾಹಿತಿ ಇದ್ದರೆ ಅರ್ಜಿಯ ಮೊದಲ ಹಂತಕ್ಕೆ ಸಾಕು, ನೀವು ಅದಕ್ಕಿಂತ ಜಾಸ್ತಿ ಕೇಳಿದ್ದೀರಿ ಎಂದು 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅರ್ಜಿಯನ್ನು ಇಲಾಖೆಗೇ ವಾಪಸ್ ಕಳಿಸಿತು. ಮತ್ತೆ ನೋಡಿದ ಇಲಾಖೆ 2021ರಲ್ಲಿ ಮತ್ತೆ ಬೇಡ ಅಂದಿತು. ಪಟ್ಟಿಯೊಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಅಳತೆಗೋಲು ಒಂದೇ ಇರಲಿ ಅನ್ನುವುದು ಅತಿಯಾಸೆಯೇನಲ್ಲ.

ಇದನ್ನೆಲ್ಲ ನನ್ನ ಮುರುಕು ಟೆಕ್ಸಾಸ್ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಾಗ ಝೀಂಗುಡುವ ಸಣ್ಣ ಹಾಡು ಕೇಳಿತು. ಇಬ್ಬರೂ ಸುಮ್ಮನಾದೆವು. ದನಿ ಬಂದದ್ದು ಬೇಲಿಯಾಚೆಯ ಸೀಡರ್‌ಗಳಿಂದ.

"ಅದು ಪಕ್ಕದವನ ಹಕ್ಕಿ," ಅಂದರು ಹಿರಿಯರು, ನಗುತ್ತಾ. "ಅವನ ಲೆಕ್ಕಕ್ಕೇ ಬರಕೋ."