ಸಿಟಿ ಮಧ್ಯದ ಕಾಲೇಜು ಸೇಫಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮಗನಿಗೋ ಮಗಳಿಗೋ ಅಮೆರಿಕದ ದೊಡ್ಡ ಊರೊಂದರ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದ ಕೂಡಲೇ ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದು ಇದನ್ನೇ. ಷಿಕಾಗೋ ಸೇಫಾ? ಫಿಲಡೆಲ್ಫಿಯಾ ಪರವಾಗಿಲ್ವಾ? ಕ್ಯಾಂಪಸ್ ನೋಡೋಕೆ ಹೋಗ್ತಿದ್ದೀವಿ, ಏನು ನೋಡಿದ್ರೆ ಗೊತ್ತಾಗುತ್ತೆ?

ಊರಿನ ಹೆಸರು ಹೇಳಿ ಕೇಳಿದರೆ ಉತ್ತರ ಕೊಡುವುದು ಕಷ್ಟ. ಅಷ್ಟು ದೊಡ್ಡ ಊರಲ್ಲಿ ನಿಮ್ಮ ಮಗಳು ದಿನಾ ಓಡಾಡುವುದು ಕೆಲವೇ ರಸ್ತೆಗಳಲ್ಲಿ. ಹಾಸ್ಟೆಲ್, ಕ್ಲಾಸು, ಲೈಬ್ರರಿ, ದಿನಸಿ ಅಂಗಡಿ, ಬಸ್ ಸ್ಟಾಪ್, ಅಷ್ಟೇ. ಆ ರಸ್ತೆಗಳು ಯಾವುವು, ಅಲ್ಲಿ ಆಕೆ ಎಷ್ಟು ಹೊತ್ತಿಗೆ ನಡೆಯುತ್ತಾಳೆ, ಆ ಹೊತ್ತಿಗೆ ಅಲ್ಲಿ ಇನ್ಯಾರು ಇರುತ್ತಾರೆ ಅನ್ನೋದನ್ನು ತಿಳಿದುಕೊಳ್ಳೋಕೆ ಹೋಗಿ. ಕಾಲೇಜಿನವರು ಮಾಡಿಸುವ ಟೂರ್‌ನಲ್ಲಿ ತೋರಿಸುವ ಕಲ್ಲಿನ ಕಟ್ಟಡಗಳನ್ನು ಫೋಟೋದಲ್ಲೂ ನೋಡಬಹುದು.

ಊರಿನ ಹೆಸರು ನಂಬಿ ತೀರ್ಮಾನ ಮಾಡಬೇಡಿ ಅಂತ ನಾನು ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ಜೀನ್ ಕ್ಲೆರಿಯ ಕಥೆ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಅವಳ ಅಣ್ಣಂದಿರು ಓದಿದ್ದು ನ್ಯೂ ಆರ್ಲಿಯನ್ಸ್‌ನ ಟುಲೇನ್ ಯೂನಿವರ್ಸಿಟಿಯಲ್ಲಿ. ಇವಳೂ ಅಲ್ಲಿಗೇ ಹೋಗಬೇಕಿತ್ತು. ಅಷ್ಟರಲ್ಲಿ ಅಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಹೆದರಿದ ಮನೆಯವರು ಪೆನ್ಸಿಲ್ವೇನಿಯಾದ ಲೀಹೈ ಯೂನಿವರ್ಸಿಟಿ ಆರಿಸಿಕೊಂಡರು. ಚಿಕ್ಕ ಊರು, ಗುಡ್ಡದ ಮೇಲಿನ ಚೆಂದದ ಕ್ಯಾಂಪಸ್. 1986ರ ಏಪ್ರಿಲ್ 5ರಂದು, 19 ವರ್ಷದ ಜೀನ್‌ಳನ್ನು ಅವಳ ಹಾಸ್ಟೆಲ್ ರೂಮಿನಲ್ಲೇ ಒಬ್ಬ ಅತ್ಯಾಚಾರ ಮಾಡಿ ಕೊಂದ. ಕೊಂದವನು ಅದೇ ಯೂನಿವರ್ಸಿಟಿಯ ವಿದ್ಯಾರ್ಥಿ. ತಾವಾಗಿಯೇ ಲಾಕ್ ಆಗುವ ಬಾಗಿಲುಗಳಿಗೆ ಯಾರೋ ಅಡ್ಡ ಇಟ್ಟು ತೆರೆದಿಟ್ಟಿದ್ದರು, ಅವನು ಅಲ್ಲಿಂದಲೇ ಒಳಗೆ ಬಂದ.

ಅವಳ ಅಪ್ಪ ಅಮ್ಮ ಸುಮ್ಮನಾಗಲಿಲ್ಲ. ಕ್ಯಾಂಪಸ್ಸಿನಲ್ಲಿ ಏನೇನು ನಡೆಯುತ್ತಿದೆ ಅಂತ ಕಾಲೇಜುಗಳು ಯಾರಿಗೂ ಹೇಳಬೇಕಿಲ್ಲದ ಕಾಲ ಅದು. ಅವರ ಹೋರಾಟದಿಂದ 1990ರಲ್ಲಿ ಫೆಡರಲ್ ಕಾನೂನು, ಅಂದರೆ ಇಡೀ ಅಮೆರಿಕಕ್ಕೆ ಅನ್ವಯಿಸುವ ಕಾನೂನು, ಬಂತು. ಈಗ ಅದನ್ನು ಕ್ಲೆರಿ ಆಕ್ಟ್ ಅನ್ನುತ್ತಾರೆ. ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವಿನ ಯೋಜನೆಗಳಲ್ಲಿರುವ ಪ್ರತಿ ಕಾಲೇಜೂ ವರ್ಷಕ್ಕೊಮ್ಮೆ, ಅಕ್ಟೋಬರ್ 1ರ ಒಳಗೆ, ಹಿಂದಿನ ಮೂರು ವರ್ಷಗಳ ಅಪರಾಧದ ಲೆಕ್ಕ ಕೊಡಲೇಬೇಕು. ಕಾಲೇಜಿನ ಹೆಸರಿನ ಜೊತೆ Annual Security Report (ವಾರ್ಷಿಕ ಸೆಕ್ಯುರಿಟಿ ರಿಪೋರ್ಟ್) ಅಂತ ಹುಡುಕಿದರೆ ಸಿಗುತ್ತೆ. ಹೊರಡುವ ಮೊದಲು ಮನೆಯಲ್ಲೇ ಕೂತು ಓದಿಕೊಳ್ಳಿ.

ಆದರೆ ಅದನ್ನು ಓದುವುದಕ್ಕೂ ಒಂದು ಕ್ರಮ ಇದೆ. ಎಷ್ಟೋ ಜನ ಎರಡು ಕಾಲೇಜಿನ ಅಂಕಿಗಳನ್ನು ಪಕ್ಕಪಕ್ಕ ಇಟ್ಟು, ಕಡಿಮೆ ಇರುವುದೇ ಸೇಫ್ ಅಂದುಬಿಡುತ್ತಾರೆ. ಆ ಪಟ್ಟಿಯಲ್ಲಿ ಬರುವುದು ಕ್ಯಾಂಪಸ್, ಅದಕ್ಕೆ ತಾಗಿದ ಸಾರ್ವಜನಿಕ ರಸ್ತೆ ಫುಟ್‌ಪಾತ್, ಮತ್ತೆ ಬೇರೆ ಕಡೆ ಇರುವ ಕಾಲೇಜಿನ ಜಾಗಗಳು ಮಾತ್ರ. ನಿಮ್ಮ ಮಗ ಎರಡನೇ ವರ್ಷ ಬಾಡಿಗೆಗೆ ಹಿಡಿಯುವ, ನಾಲ್ಕು ರಸ್ತೆ ಆಚೆಯ ಖಾಸಗಿ ಅಪಾರ್ಟ್‌ಮೆಂಟಿನಲ್ಲಿ ಕಳ್ಳತನ ಆದರೆ ಅದು ಈ ಲೆಕ್ಕಕ್ಕೆ ಸೇರುವುದೇ ಇಲ್ಲ. ಲೈಬ್ರರಿ ಟೇಬಲ್ ಮೇಲಿಟ್ಟ ಲ್ಯಾಪ್‌ಟಾಪ್ ಮಾಯವಾದರೆ? ಅದೂ ಸೇರಲ್ಲ. ದರೋಡೆ, ಮನೆಗಳ್ಳತನ, ವಾಹನ ಕಳವು ಲೆಕ್ಕಕ್ಕೆ ಬರುತ್ತವೆ, ಮಾಮೂಲಿ ಕಳ್ಳತನ ಬರುವುದಿಲ್ಲ. ನಿಜವಾಗಿ ನೋಡಿದರೆ ಹುಡುಗರಿಗೆ ಹೆಚ್ಚಾಗಿ ಎದುರಾಗುವುದು ಇದೇ, ಫೋನು, ಸೈಕಲ್ಲು, ಬ್ಯಾಗು.

ಲೈಂಗಿಕ ಅಪರಾಧಗಳ ಸಂಖ್ಯೆಯನ್ನು ಇನ್ನೂ ಜೋಪಾನವಾಗಿ ಓದಬೇಕು. ದೂರು ಕೊಟ್ಟದ್ದು ಮಾತ್ರ ಲೆಕ್ಕಕ್ಕೆ ಬರುವುದು. ಸಾವಿರಾರು ಮಕ್ಕಳು ಹಾಸ್ಟೆಲ್‌ನಲ್ಲಿರುವ ಕಡೆ ಮೂರೂ ವರ್ಷ ಸೊನ್ನೆ ಇದ್ದರೆ ನನಗೆ ಸಮಾಧಾನ ಆಗುವುದಿಲ್ಲ, ಅನುಮಾನ ಬರುತ್ತೆ. ಅಲ್ಲಿ ಹೇಳಿಕೊಂಡರೆ ಕೇಳುವವರು ಇದ್ದಾರಾ ಅಂತ.

ಇದಕ್ಕಿಂತ ಉಪಯೋಗದ ಇನ್ನೊಂದು ಪಟ್ಟಿ ಇದೆ. ಸ್ವಂತ ಪೊಲೀಸ್ ಅಥವಾ ಸೆಕ್ಯುರಿಟಿ ವಿಭಾಗ ಇರುವ ಕಾಲೇಜು ದಿನದಿನದ ಅಪರಾಧದ ದಾಖಲೆ ಇಡಬೇಕು, ಕಳೆದ 60 ದಿನಗಳದ್ದನ್ನು ಆಫೀಸ್ ವೇಳೆಯಲ್ಲಿ ಕೇಳಿದ ಯಾರಿಗಾದರೂ ತೋರಿಸಬೇಕು. ಇದರಲ್ಲಿ ಸಣ್ಣ ಕಳ್ಳತನವೂ ಇರುತ್ತೆ. ಎಲ್ಲಿ, ಯಾವಾಗ ಅಂತ ಇರುತ್ತೆ. ತುಂಬಾ ಕಾಲೇಜುಗಳು ವೆಬ್‌ಸೈಟಿನಲ್ಲೇ ಹಾಕಿರುತ್ತವೆ. ಎರಡು ತಿಂಗಳದ್ದನ್ನು ಒಮ್ಮೆ ಓದಿ, ಆಮೇಲೆ ಮ್ಯಾಪ್ ತೆಗೆದು ನೋಡಿ. ಯಾವ ಪಾರ್ಕಿಂಗ್, ಯಾವ ಸೈಕಲ್ ಸ್ಟ್ಯಾಂಡ್, ಯಾವ ತಿರುವು ಮತ್ತೆ ಮತ್ತೆ ಬರುತ್ತೆ ಅನ್ನೋದು ಕಣ್ಣಿಗೆ ಬೀಳುತ್ತೆ.

ಇನ್ನು ಹೋದಾಗ. ಬೆಳಗಿನ ಟೂರ್ ಮಾಡಿ, ತಪ್ಪೇನಿಲ್ಲ. ನೀಲಿ ದೀಪದ ಎಮರ್ಜೆನ್ಸಿ ಫೋನ್ ಕಂಬ ತೋರಿಸುತ್ತಾರೆ, ಬಟನ್ ಒತ್ತಿದರೆ ಪೊಲೀಸ್ ಬರ್ತಾರೆ ಅನ್ನುತ್ತಾರೆ. ಒಳ್ಳೇದೇ. ಆದರೆ ನೀವು ಅವತ್ತು ರಾತ್ರಿಯೂ ಅಲ್ಲೇ ಉಳಿಯಬೇಕು. ರಾತ್ರಿ ಹತ್ತಕ್ಕೆ ಲೈಬ್ರರಿ ಬಾಗಿಲಿನಿಂದ ಮಗ ಇರಬೇಕಾದ ಹಾಸ್ಟೆಲ್‌ವರೆಗೆ ಅವನ ಜೊತೆಗೇ ನಡೆದು ನೋಡಿ. ದೀಪ ಇದೆಯಾ ಅನ್ನೋದಕ್ಕಿಂತ ಜನ ಇದ್ದಾರಾ ಅನ್ನೋದು ಮುಖ್ಯ. ಬ್ಯಾಗ್ ಹಾಕಿಕೊಂಡು ಒಂಟಿಯಾಗಿ ನಡೆಯುವ ಹುಡುಗಿಯರು ಕಾಣುತ್ತಾರಾ, ಅಥವಾ ಎಲ್ಲರೂ ಗುಂಪಾಗಿಯೇ ಹೋಗುತ್ತಿದ್ದಾರಾ? ಎಲ್ಲರೂ ಒಂದು ರಸ್ತೆ ಬಿಟ್ಟು ಇನ್ನೊಂದು ರಸ್ತೆಯಲ್ಲಿ ಸುತ್ತಿ ಹೋಗುತ್ತಿದ್ದರೆ ಯಾಕೆ ಅಂತ ಕೇಳಿ. ಅಲ್ಲಿನ ಮಕ್ಕಳಿಗೆ ಗೊತ್ತಿರುತ್ತೆ.

ನೀವು ನೋಡಲು ಹೋಗುವುದು ಏಪ್ರಿಲ್‌ನಲ್ಲೋ ಬೇಸಿಗೆಯಲ್ಲೋ. ಸಂಜೆ ಏಳಕ್ಕೂ ಬೆಳಕಿರುತ್ತೆ. ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ನಾಲ್ಕೂಕಾಲಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ಲ್ಯಾಬ್ ಮುಗಿಸಿ ಬರುವಷ್ಟರಲ್ಲಿ ಪೂರ್ತಿ ಕತ್ತಲು, ನೆಲದಲ್ಲಿ ಐಸು. ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಆ ದಾರಿ ನೋಡಿ.

ಹಾಸ್ಟೆಲ್ ಮುಂದೆ ಒಂದು ಹತ್ತು ನಿಮಿಷ ಸುಮ್ನೆ ನಿಂತು ಬಾಗಿಲನ್ನೇ ಗಮನಿಸಿ. ಒಬ್ಬ ಹುಡುಗ ಕಾರ್ಡ್ ತೋರಿಸ್ತಾನೆ, ಬಾಗಿಲು ತೆರೆಯುತ್ತೆ, ಹಿಂದೆ ಬರುವವರಿಗಾಗಿ ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತಾನೆ. ಮರ್ಯಾದೆಗೆ ಮಾಡೋದು ಪಾಪ. ಅವನ ಹಿಂದೆ ಮೂರು ಜನ ಕಾರ್ಡ್ ಇಲ್ಲದೇ ಒಳಗೆ ಹೋಗುತ್ತಾರೆ. ಒಳಗೆ ಡೆಸ್ಕ್ ಹತ್ತಿರ ಕೂತವರು ತಲೆ ಎತ್ತಿ ನೋಡುತ್ತಾರಾ? ಪಕ್ಕದ ಬಾಗಿಲಿಗೆ ಕಲ್ಲೋ ಡಬ್ಬವೋ ಅಡ್ಡ ಇಟ್ಟಿದ್ದಾರಾ? ಆ ಊರಿನ ಬಗ್ಗೆ ಪೇಪರಿನಲ್ಲಿ ಬಂದಿದ್ದನ್ನೆಲ್ಲ ಓದಿದರೂ ಈ ಹತ್ತು ನಿಮಿಷದಷ್ಟು ತಿಳಿಯುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಸಿಟಿ ಕ್ಯಾಂಪಸ್ ಅಂದರೆ ಎಲ್ಲವೂ ಒಂದೇ ಥರ ಅಲ್ಲ. ನ್ಯೂಯಾರ್ಕ್ ಯೂನಿವರ್ಸಿಟಿಗೆ ಗೇಟೂ ಇಲ್ಲ ಕಾಂಪೌಂಡೂ ಇಲ್ಲ, ವಾಷಿಂಗ್ಟನ್ ಸ್ಕ್ವೇರ್ ಸುತ್ತಮುತ್ತ ಊರಿನ ಕಟ್ಟಡಗಳ ಜೊತೆ ಬೆರೆತುಹೋಗಿದೆ. ಬಾಸ್ಟನ್ ಯೂನಿವರ್ಸಿಟಿಯ ಮಧ್ಯೆ ಕಾಮನ್‌ವೆಲ್ತ್ ಅವೆನ್ಯೂ ಇದೆ, ರಸ್ತೆ ನಡುವೆಯೇ ಟ್ರಾಮ್ ಓಡುತ್ತೆ. ಇಂಥ ಕಡೆ ಕಾಂಪೌಂಡ್ ಇಲ್ಲ ಅಂತ ಹೆದರುವವರು ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. ಅಂಗಡಿ ತೆರೆದಿರುವ, ಜನ ಓಡಾಡುವ ರಸ್ತೆ ಖಾಲಿ ಹುಲ್ಲುಹಾಸಿಗಿಂತ ಎಷ್ಟೋ ವಾಸಿ. ಅಲ್ಲಿ ಕಳ್ಳರಿಗಿಂತ ವಾಹನಗಳ ಬಗ್ಗೆ ಮಗನಿಗೆ ಎಚ್ಚರ ಹೇಳಿ, ಅದರಲ್ಲೂ ಕಿವಿಗೆ ಇಯರ್‌ಫೋನ್ ಹಾಕಿ ರಸ್ತೆ ದಾಟಬೇಡ ಅಂತ.

ಇನ್ನು ಕೆಲವು ಕಡೆ ಯೂನಿವರ್ಸಿಟಿಯ ಪೊಲೀಸರೇ ಸುತ್ತಲಿನ ಬಡಾವಣೆಯಲ್ಲೂ ಗಸ್ತು ತಿರುಗುತ್ತಾರೆ. ಫಿಲಡೆಲ್ಫಿಯಾದ ಪೆನ್, ಅಂದರೆ ಯೂನಿವರ್ಸಿಟಿ ಆಫ್ ಪೆನ್ಸಿಲ್ವೇನಿಯಾದಲ್ಲಿ ಈ ಗಸ್ತು 30ನೇ ರಸ್ತೆಯಿಂದ 43ನೇ ರಸ್ತೆವರೆಗೆ, ಮಾರ್ಕೆಟ್ ಸ್ಟ್ರೀಟಿನಿಂದ ಬಾಲ್ಟಿಮೋರ್ ಅವೆನ್ಯೂವರೆಗೆ. ಯೂನಿವರ್ಸಿಟಿ ಆಫ್ ಷಿಕಾಗೋ ಪೊಲೀಸರದ್ದು 37ನೇ ರಸ್ತೆಯಿಂದ 64ನೇ ರಸ್ತೆವರೆಗೆ. ಮೊದಲ ವರ್ಷ ಹಾಸ್ಟೆಲ್‌ನಲ್ಲಿರುವ ಮಕ್ಕಳು ಆಮೇಲೆ ಬಾಡಿಗೆ ಕಡಿಮೆ ಅಂತ ದೂರದೂರ ಹೋಗುತ್ತಾರೆ. ಗಸ್ತಿನ ಗಡಿ ಎಲ್ಲಿ, ಕಾಲೇಜಿನ ರಾತ್ರಿ ಶಟಲ್ ಬಸ್ ಎಲ್ಲಿಯವರೆಗೆ ಬಿಡುತ್ತೆ, ಎಷ್ಟು ಗಂಟೆವರೆಗೆ ಓಡುತ್ತೆ, ಇದನ್ನು ಮ್ಯಾಪಿನಲ್ಲಿ ಗುರುತು ಹಾಕಿಕೊಳ್ಳಿ. ಗಡಿ ದಾಟಿದ ಕೂಡಲೇ ಅಪಾಯ ಅಂತ ಅರ್ಥ ಅಲ್ಲ. ಆದರೆ ಫೋನ್ ಮಾಡಿದಾಗ ಯಾರು ಬರ್ತಾರೆ, ಎಷ್ಟು ಬೇಗ ಬರ್ತಾರೆ ಅನ್ನೋದು ಅಲ್ಲಿ ಬದಲಾಗುತ್ತೆ. ರಾತ್ರಿ ಮನೆವರೆಗೆ ಜೊತೆಗೆ ಬಂದು ಬಿಡುವ ಎಸ್ಕಾರ್ಟ್ ಸೇವೆ ಇದೆ ಅಂದರೆ ಆ ನಂಬರಿಗೆ ರಾತ್ರಿ ಕಾಲ್ ಮಾಡಿ, ಎಷ್ಟು ಹೊತ್ತು ಕಾಯಬೇಕು ಅಂತ ಕೇಳಿಯೇ ಬಿಡಿ. ನಲವತ್ತು ನಿಮಿಷ ಕಾಯಿಸುವ ಸೇವೆ ಇದ್ದರೆ ಮಕ್ಕಳು ಕಾಯುವುದಿಲ್ಲ, ನಡೆದೇ ಹೋಗುತ್ತಾರೆ.

ದಿನನಿತ್ಯದ ಬದುಕು ಸುರಕ್ಷತೆಯಿಂದ ಬೇರೆ ಅಲ್ಲ. ತರಕಾರಿ ಹಾಲು ಸಿಗುವ ಅಂಗಡಿ ಎರಡು ಬಸ್ ಬದಲಿಸಿ ಹೋಗುವಷ್ಟು ದೂರ ಇದ್ದರೆ, ಆ ಹುಡುಗಿ ಭಾನುವಾರ ಸಂಜೆ ಕತ್ತಲಲ್ಲಿ ಎರಡೂ ಕೈಯಲ್ಲಿ ಚೀಲ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತಿರುತ್ತಾಳೆ. ಬಟ್ಟೆ ಒಗೆಯುವ ಮಷೀನ್ ಕಟ್ಟಡದ ಒಳಗೇ ಇದೆಯಾ, ಹೊರಗೆ ಹೋಗಬೇಕಾ? ಮೆಸ್ಸು ವಾರಾಂತ್ಯ ಎಷ್ಟಕ್ಕೆ ಮುಚ್ಚುತ್ತೆ? ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ, ಚಳಿಗಾಲದ ರಜೆಯಲ್ಲಿ ಹಾಸ್ಟೆಲ್ ತೆರೆದಿರುತ್ತಾ? ಎಲ್ಲರೂ ಮನೆಗೆ ಹೋದ ಮೇಲೆ ವಿದೇಶದ ಮಕ್ಕಳು ಖಾಲಿ ಬೀದಿಯಲ್ಲಿ ಉಳಿಯುತ್ತಾರೆ. ಟೂರ್‌ನಲ್ಲಿ ಈ ಪ್ರಶ್ನೆ ಯಾರೂ ಎತ್ತುವುದಿಲ್ಲ, ನೀವೇ ಕೇಳಬೇಕು.

ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ನಮ್ಮವರಲ್ಲಿ ಎಷ್ಟೋ ಜನ ಕಪ್ಪು ಜನ ಜಾಸ್ತಿ ಕಂಡರೆ ಸಾಕು, ಏರಿಯಾ ಸರಿಯಿಲ್ಲ ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಇದು ತಪ್ಪು. ಅನ್ಯಾಯ ಕೂಡ. ಮನೆಮುಂದೆ ಕುರ್ಚಿ ಹಾಕಿಕೊಂಡು ಕೂತ ಅಜ್ಜಿ, ಬಸ್ಸಿಗೆ ಕಾಯುವ ಆಸ್ಪತ್ರೆ ಕೆಲಸದವರು, ಚರ್ಚಿಂದ ಬರುವ ಸಂಸಾರ, ಇವರಿಂದಲೇ ಆ ರಸ್ತೆಗೆ ಕಾವಲು. ಫುಟ್‌ಪಾತಿನಲ್ಲಿ ಮಲಗಿದ ಮನೆಯಿಲ್ಲದವನನ್ನು ನೋಡಿ ಮನಸ್ಸಿಗೆ ಕಸಿವಿಸಿ ಆಗುತ್ತೆ, ನಿಜ. ಆದರೆ ಕಸಿವಿಸಿ ಬೇರೆ, ಅಪಾಯ ಬೇರೆ. ಮಕ್ಕಳಿಗೆ ಈ ವ್ಯತ್ಯಾಸ ಗೊತ್ತಿರಬೇಕು. ಇಲ್ಲದಿದ್ದರೆ ಅಲ್ಲಿ ಯಾರನ್ನು ಕಂಡರೂ ಹೆದರುತ್ತಾರೆ, ನಿಜವಾಗಿ ಎಚ್ಚರ ಇರಬೇಕಾದ ಪಾರ್ಟಿಯಲ್ಲಿ, ಪರಿಚಯದವರ ರೂಮಿನಲ್ಲಿ, ಮೈಮರೆಯುತ್ತಾರೆ.

ಯಾರನ್ನು ಕೇಳಬೇಕು? ಟೂರ್ ಗೈಡ್ ಬಿಟ್ಟು ಬೇರೆಯವರನ್ನು. ರಾತ್ರಿ ಪಾಳಿ ಮುಗಿಸಿದ ಲೈಬ್ರರಿ ಹುಡುಗಿ, ಕಾಫಿ ಅಂಗಡಿಯವರು, ಎರಡನೇ ವರ್ಷದ ಮಕ್ಕಳು. ಇಲ್ಲಿ ಸೇಫಾ ಅಂತ ಕೇಳಿದರೆ ಹೂಂ ಅಂತಾರೆ, ಅಷ್ಟೇ. ನೀನು ರಾತ್ರಿ ಮನೆಗೆ ಹೇಗೆ ಹೋಗ್ತೀಯಮ್ಮ ಅಂತ ಕೇಳಿ, ಆಗ ಮಾತು ಬರುತ್ತೆ.

ಹೋಗಿ ನೋಡಲು ಆಗದವರೇ ನಮ್ಮಲ್ಲಿ ಜಾಸ್ತಿ, ಅದೂ ಗೊತ್ತು. ವೀಸಾ, ಟಿಕೆಟ್, ರಜೆ, ಎಲ್ಲವೂ ಕೂಡಿಬರಬೇಕಲ್ವಾ. ಹಾಗಿದ್ದರೆ ಅಲ್ಲಿ ಓದುತ್ತಿರುವ ನಮ್ಮ ಕಡೆಯ ಮಕ್ಕಳು ಒಬ್ಬರನ್ನು ಹುಡುಕಿ. ವಿದ್ಯಾರ್ಥಿ ಸಂಘದ ಗ್ರೂಪುಗಳಲ್ಲಿ ಸಿಗುತ್ತಾರೆ. ಅವರ ಸಮಯ ಕೇಳಿಕೊಂಡು, ಅವರು ಸ್ನೇಹಿತರ ಜೊತೆ ಲೈಬ್ರರಿಯಿಂದ ಮನೆಗೆ ನಡೆದು ಹೋಗುವಾಗ ವಿಡಿಯೋ ಕಾಲ್ ಮಾಡೋಕೆ ಹೇಳಿ. ಒಬ್ಬರೇ ಇದ್ದಾಗ ಬೇಡ, ಫೋನ್ ಎತ್ತಿ ಹಿಡಿದು ನಡೆಯುವುದೇ ಕಳ್ಳನನ್ನು ಕರೆದಂತೆ. ಮ್ಯಾಪಿನ ಸ್ಟ್ರೀಟ್ ವ್ಯೂನಲ್ಲಿ ಕಾಣುವುದು ಹಗಲಿನ ರಸ್ತೆ ಮಾತ್ರ, ಈ ಕಾಲ್‌ನಲ್ಲಿ ನಿಮಗೆ ರಾತ್ರಿಯ ರಸ್ತೆ ಕಾಣುತ್ತೆ. ಬಾಡಿಗೆ ಮನೆಗೆ ಸಹಿ ಹಾಕುವ ಮೊದಲು ಅದರ ಹೊರಬಾಗಿಲು ತಾನಾಗಿ ಲಾಕ್ ಆಗುತ್ತಾ ಅಂತಲೂ ಅವರ ಕೈಯಲ್ಲೇ ನೋಡಿಸಿ.