ಕೋಟೆಯೊಳಗಿನ ತೊಟ್ಟಿಮನೆ: ಅರ್ಜಿಯಿಂದ ಸುಣ್ಣದ ಗಾರೆವರೆಗೆ

ಶ್ರೀರಂಗಪಟ್ಟಣದ ಕೋಟೆಯೊಳಗೆ ನಮ್ಮ ದೊಡ್ಡಪ್ಪನ ತೊಟ್ಟಿಮನೆ ಇದೆ. ಅದರ ದುರಸ್ತಿ ಎಲ್ಲಿಗೆ ಬಂತು ಅಂತ ಆಗಾಗ ಬರೆದಿಟ್ಟುಕೊಂಡದ್ದು ಇದು. ಮನೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಬರುತ್ತದೆ. ಇಂಥ ಮನೆ ಇರುವ ಎಷ್ಟೋ ಜನ "ಇಲ್ಲಿ ಒಂದು ಮೊಳೆ ಹೊಡೆಯೋಕೂ ಬಿಡಲ್ಲ" ಅಂತ ಕೈಚೆಲ್ಲಿ ಕೂತಿದ್ದಾರೆ. ಅದು ನಿಜವಲ್ಲ. ಆದರೆ ಏನು ಮಾಡಬಹುದು, ಏನು ಮಾಡಬಾರದು ಅನ್ನುವುದನ್ನು ಮೊದಲೇ ಸರಿಯಾಗಿ ತಿಳಿದುಕೊಳ್ಳಬೇಕು.

ಜನವರಿ: ಟೇಪು ಹಿಡಿದು

ಮೊದಲ ಕೆಲಸ ಅಳತೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಅದರ ಪ್ರಕಾರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವೇ ಇಲ್ಲ. ನಿಯಂತ್ರಿತ ಪ್ರದೇಶದಲ್ಲಿ ಅನುಮತಿ ಪಡೆದು ಕಟ್ಟಬಹುದು.

ಅಳೆಯುವುದು ಎಲ್ಲಿಂದ? ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಗೋಪುರದಿಂದ ಅಲ್ಲ, ಗರ್ಭಗುಡಿಯಿಂದ ಅಲ್ಲ. ರಕ್ಷಣೆಗೆ ಒಳಪಟ್ಟ ಜಾಗದ ಗಡಿಯಿಂದ. ಶ್ರೀರಂಗಪಟ್ಟಣದಲ್ಲಿ ಇದು ಇನ್ನೂ ತೊಡಕು. ರಂಗನಾಥಸ್ವಾಮಿ ದೇವಸ್ಥಾನ ಒಂದೇ ಅಲ್ಲ, ಜಾಮಿಯಾ ಮಸೀದಿ ಇದೆ, ಕರ್ನಲ್ ಬೈಲಿ ಸೆರೆಮನೆ ಇದೆ, 1799ರಲ್ಲಿ ಟಿಪ್ಪುವಿನ ಶವ ಸಿಕ್ಕ ಜಾಗ ಇದೆ, ಕೋಟೆ ಗೋಡೆ ಒಡೆದ ಕಡೆಯ ಭಾಗ ಇದೆ. ಎಲ್ಲವೂ ಸಂರಕ್ಷಿತ. ಒಂದರ ವೃತ್ತದ ಮೇಲೆ ಇನ್ನೊಂದರ ವೃತ್ತ ಬೀಳುತ್ತದೆ.

ಲೆಕ್ಕ ಹಾಕಿ ನೋಡಿ. ಸ್ಮಾರಕ ಬರೀ ಒಂದು ಚುಕ್ಕೆ ಅಂದುಕೊಂಡರೂ 100 ಮೀಟರ್ ವೃತ್ತಕ್ಕೆ ಸುಮಾರು 7.75 ಎಕರೆ ಬರುತ್ತದೆ. 300 ಮೀಟರ್ ವೃತ್ತಕ್ಕೆ ಸುಮಾರು 70 ಎಕರೆ. ಹೊಲದ ನಡುವೆ ಒಂಟಿಯಾಗಿ ನಿಂತ ಗುಡಿಗೆ ಇದು ಸರಿಹೋಗುತ್ತದೆ. ಜನ ವಾಸ ಮಾಡುವ ಊರಿಗೆ? ಕರ್ನಾಟಕದಲ್ಲಿ ಕೇಂದ್ರದ ರಕ್ಷಣೆಯ ಸ್ಮಾರಕಗಳು 500ಕ್ಕೂ ಹೆಚ್ಚು. ವಿಜಯಪುರದಂಥ ಕಡೆ ಓಣಿಗೊಂದು ಸ್ಮಾರಕ. ಎಲ್ಲಕ್ಕೂ ಅದೇ 100, ಅದೇ 200. ಈ ಒಂದೇ ಅಳತೆಗೋಲು ನನಗೆ ಸರಿ ಅನ್ನಿಸುವುದಿಲ್ಲ. ಹಾಗಂತ ನಿಯಮವೇ ಬೇಡ ಅನ್ನುವವನೂ ನಾನಲ್ಲ. ಇದು ಇಲ್ಲದಿದ್ದರೆ ರಂಗನಾಥನ ಗೋಪುರದ ಪಕ್ಕದಲ್ಲೇ ಐದಂತಸ್ತಿನ ಲಾಡ್ಜು ಏಳುತ್ತಿತ್ತು.

ಫೆಬ್ರವರಿ: ಕಾಗದಪತ್ರ

ಕಾಯ್ದೆಯ 20ಸಿ ಕಲಮು ನಮ್ಮಂಥವರಿಗಾಗಿಯೇ ಇರುವುದು. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾದರೆ, ಅದರ ದುರಸ್ತಿ ಮತ್ತು ನವೀಕರಣಕ್ಕೆ ಮಾಲೀಕರು ಅರ್ಜಿ ಹಾಕಬಹುದು. ಆ ತಾರೀಖು ಯಾಕೆ ಅಂದರೆ, 100 ಮತ್ತು 200 ಮೀಟರ್ ಲೆಕ್ಕದ ಅಧಿಸೂಚನೆ ಮೊದಲು ಬಂದದ್ದು ಅವತ್ತು.

ಅದೇ ಕಲಮಿನಲ್ಲಿ ಬಹಳ ಜನರ ಕಣ್ಣಿಗೆ ಬೀಳದ ಒಂದು ವಿಷಯ ಇದೆ. ನಿಯಂತ್ರಿತ ಪ್ರದೇಶದವರು ಹೊಸದಾಗಿ ಕಟ್ಟಲು, ಇದ್ದದ್ದನ್ನು ಮತ್ತೆ ಕಟ್ಟಲು, ದುರಸ್ತಿ ಮಾಡಲು, ಎಲ್ಲಕ್ಕೂ ಅರ್ಜಿ ಹಾಕಬಹುದು. ನಿಷೇಧಿತ ಪ್ರದೇಶದವರಿಗೆ ದುರಸ್ತಿ ಮತ್ತು ನವೀಕರಣ ಮಾತ್ರ. ಅಂದರೆ ಮನೆ ಒಮ್ಮೆ ಕುಸಿದು ಬಿದ್ದರೆ, ಅದೇ ಅಳತೆಗೆ, ಅದೇ ಎತ್ತರಕ್ಕೆ ಮತ್ತೆ ಕಟ್ಟಿಕೊಳ್ಳುತ್ತೇವೆ ಅಂದರೂ ಕಾನೂನಿನಲ್ಲಿ ದಾರಿ ಇಲ್ಲ. ನಿಂತಿರುವವರೆಗೆ ಮಾತ್ರ ಅದು ಮನೆ. ಬಿದ್ದ ಮೇಲೆ ಖಾಲಿ ಸೈಟು, ಅದರಲ್ಲಿ ಏನೂ ಕಟ್ಟುವ ಹಾಗಿಲ್ಲ.

ಇದನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಂಗಾದ್ರೆ ಈ ಮಳೆಗಾಲಕ್ಕೆ ಮುಂಚೆನೇ ಏನಾರ ಮಾಡ್ಬೇಕು ಕಣ್ ಮಗಾ" ಅಂದರು. "ಅನುಮತಿ ಸಿಗಲ್ಲ, ಬಿಡು" ಅಂತ ಹತ್ತು ವರ್ಷ ಸುಮ್ಮನಿರುವುದೇ ಈ ಮನೆಗಳಿಗೆ ನಿಜವಾದ ಅಪಾಯ.

1992ಕ್ಕಿಂತ ಹಳೆಯದು ಅಂತ ತೋರಿಸಲು ಕೈಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿದೆವು. ಹಳೆಯ ವಿಭಾಗಪತ್ರ, ಪುರಸಭೆಯ ಕಂದಾಯದ ರಸೀದಿಗಳು, ಹಳೆಯ ಕರೆಂಟ್ ಬಿಲ್ಲು, ಮದುವೆ ದಿನ ಜಗಲಿ ಮೇಲೆ ನಿಂತು ತೆಗೆಸಿಕೊಂಡ ಕಪ್ಪುಬಿಳುಪು ಫೋಟೊ. ಇದರ ಜೊತೆಗೆ ಈಗಿನ ಮನೆಯ ನಕ್ಷೆ, ಆಗಬೇಕಾದ ಕೆಲಸದ ವಿವರ, ನಾಲ್ಕೂ ಕಡೆಯ ಫೋಟೊ. ಕೆಲಸದ ವಿವರವನ್ನು ನಾವು ಕೋಣೆ ಕೋಣೆಯಾಗಿ ಬರೆದೆವು. "ಮನೆ ರಿಪೇರಿ" ಅಂತ ಒಂದು ಸಾಲು ಗೀಚಿದರೆ ಓದುವವರಿಗೆ ಅನುಮಾನ ಬರುವುದು ಸಹಜ. "ಈಶಾನ್ಯ ಮೂಲೆಯ ತೊಲೆಯ ಕೊನೆ ಕೊಳೆತಿದೆ, ಅಷ್ಟು ಭಾಗ ಬದಲಿಸುತ್ತೇವೆ, ಸೂರಿನ ಎತ್ತರ ಬದಲಾಗುವುದಿಲ್ಲ" ಅಂತ ಬರೆದರೆ ಅನುಮಾನಕ್ಕೆ ಎಡೆ ಇರುವುದಿಲ್ಲ.

ಮಾರ್ಚ್ ಮತ್ತು ಏಪ್ರಿಲ್: ಕಾಯುವ ಕಾಲ

ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಈ ಅನುಮತಿ ಕೊಡಲು ಕಾಯ್ದೆಯಡಿ ನೇಮಿಸಿದ ಅಧಿಕಾರಿಗೆ. ಅವರು 15 ದಿನದೊಳಗೆ ಅದನ್ನು ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಆ ಪ್ರಾಧಿಕಾರ ಎರಡು ತಿಂಗಳೊಳಗೆ ಅಭಿಪ್ರಾಯ ಹೇಳಬೇಕು. ಅದು ಬಂದ ಒಂದು ತಿಂಗಳೊಳಗೆ ಸಕ್ಷಮ ಪ್ರಾಧಿಕಾರ ಅನುಮತಿ ಕೊಡಬೇಕು, ಇಲ್ಲವೇ ನಿರಾಕರಿಸಬೇಕು. ಎಲ್ಲ ನೆಟ್ಟಗೆ ನಡೆದರೂ ಮೂರೂವರೆ ತಿಂಗಳು.

ಈ ಮೂರೂವರೆ ತಿಂಗಳು ಕಾಯಲಾರದೆ ಎಷ್ಟೋ ಮನೆಗಳಲ್ಲಿ ರಾತ್ರೋರಾತ್ರಿ ಹೆಂಚು ಇಳಿಸಿ ಸೆಂಟ್ರಿಂಗ್ ಹೊಡೆಯುತ್ತಾರೆ. ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೆದರಿಸಲು ಹೇಳುತ್ತಿಲ್ಲ, ಕಾಯ್ದೆಯಲ್ಲಿ ಇರುವುದೇ ಇದು.

2010ರ ತಿದ್ದುಪಡಿ ಇಷ್ಟು ಬಿಗಿಯಾಗಿರಲು ಕಾರಣವೂ ಇದೆ. ಅದಕ್ಕೆ ಮೊದಲು ನಿಷೇಧಿತ ಪ್ರದೇಶದಲ್ಲೂ ಒಂದು ತಜ್ಞ ಸಮಿತಿಯ ಸಲಹೆ ಮೇಲೆ ಕಟ್ಟಡಗಳಿಗೆ ಅನುಮತಿ ಕೊಡುತ್ತಿದ್ದರು. ಅದಕ್ಕೆ ಕಾನೂನಿನ ಆಧಾರವೇ ಇಲ್ಲ ಅಂತ 2009ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಆಮೇಲೆ ಬಂದದ್ದು ಈ ತಿದ್ದುಪಡಿ. 2018ರ ಜನವರಿಯಲ್ಲಿ ಇದನ್ನು ಸ್ವಲ್ಪ ಸಡಿಲಿಸುವ ಮಸೂದೆಗೆ ಲೋಕಸಭೆ ಒಪ್ಪಿಗೆ ಕೊಟ್ಟಿತು. ಆದರೆ ಅದು ಹೆದ್ದಾರಿ, ಮೇಲ್ಸೇತುವೆಯಂಥ ಕೇಂದ್ರ ಸರ್ಕಾರದ ಸಾರ್ವಜನಿಕ ಕಾಮಗಾರಿಗಳಿಗಾಗಿ. ಸೋರುವ ಸೂರಿನವರಿಗಾಗಿ ಅಲ್ಲ. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು.

ಕಾಯುವಾಗ ಸುಣ್ಣ ನೆನೆಹಾಕಿದೆವು. ಅದಕ್ಕೆ ಯಾರ ಅನುಮತಿಯೂ ಬೇಡ. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ, ಹತ್ತಿರ ಹೋಗಬಾರದು. ಆರಿದ ಮೇಲೆ ಸೋಸಿ, ಗುಂಡಿಯಲ್ಲಿ ಸದಾ ನೀರು ನಿಲ್ಲುವ ಹಾಗೆ ಬಿಡಬೇಕು. ವಾರಗಟ್ಟಲೆ ನೆನೆದಷ್ಟೂ ಬೆಣ್ಣೆಯ ಹಾಗೆ ನುಣ್ಣಗಾಗುತ್ತದೆ.

ಮೇ: ಟಾರ್ಪಾಲು

ಬೇಸಗೆ ಮಳೆ ಜೋರಾಗಿ ಬಂತು. ತೊಟ್ಟಿಯ ಮೂಲೆಗಳ ಮೇಲೆ ಟಾರ್ಪಾಲು ಕಟ್ಟಿದೆವು, ನಡುಮನೆಯ ತೊಲೆಗೆ ಕಬ್ಬಿಣದ ಜಾಕಿ ಕೊಟ್ಟೆವು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ನಾಲ್ವರು ಸತ್ತದ್ದು, 2016ರಲ್ಲಿ ದೇವರಾಜ ಮಾರುಕಟ್ಟೆಯ ಬಾಗಿಲ ಭಾಗ ಬಿದ್ದದ್ದು ಮನಸ್ಸಿನಲ್ಲೇ ಇತ್ತು. ಎರಡೂ ಪಾರಂಪರಿಕ ಕಟ್ಟಡಗಳೇ. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸೂರು ಸೋರುವುದು ನಿಲ್ಲುವುದಿಲ್ಲ, ಅಲ್ವಾ?

ಜೂನ್ ಮತ್ತು ಜುಲೈ: ಸೂರು

ಅನುಮತಿ ಬಂತು. ಎತ್ತರ, ಅಗಲ ಏನೂ ಬದಲಾಗಬಾರದು, ಅರ್ಜಿಯಲ್ಲಿ ಬರೆದ ಕೆಲಸ ಬಿಟ್ಟು ಬೇರೆ ಮಾಡಬಾರದು ಅಂತ ಷರತ್ತು. ನಾವು ಕೇಳಿದ್ದೂ ಅಷ್ಟೇ.

ತೊಟ್ಟಿಮನೆಯಲ್ಲಿ ನಾಲ್ಕೂ ಕಡೆಯ ಸೂರು ಒಳಗೆ ಇಳಿಯುತ್ತದೆ. ಎರಡು ಸೂರು ಕೂಡುವ ಮೂಲೆಗೆ ಎರಡರ ನೀರೂ ಬರುತ್ತದೆ. ಅಲ್ಲಿನ ತಗಡು ತೂತಾಗಿ, ಅಡಿಯ ಮರ ಕೊಳೆತಿತ್ತು. ಮೇಸ್ತ್ರಿ ಸುತ್ತಿಗೆಯಿಂದ ತಟ್ಟುತ್ತಾ ಹೋದರು. ಸದ್ದು ಕೇಳಿಯೇ ಎಲ್ಲಿವರೆಗೆ ಗಟ್ಟಿ, ಎಲ್ಲಿಂದ ಪೊಳ್ಳು ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆದರು. "ಪೂರ್ತಿ ತೊಲೆ ತೆಗೀಬೇಡಿ ಸಾ, ಒಳಗಿನ್ನೂ ಕಬ್ಬಿಣ ಇದ್ದಂಗೈತೆ" ಅಂದರು. ಕೊಳೆತ ಕೊನೆಯನ್ನು ಓರೆಯಾಗಿ ಕತ್ತರಿಸಿ, ಅದೇ ದಪ್ಪದ ಹಳೇ ತೇಗದ ತುಂಡನ್ನು ಅದೇ ಓರೆಗೆ ಕೂಡಿಸಿ ಬೋಲ್ಟ್ ಹಾಕಿದರು. ಹೊಸ ತೊಲೆ ಹಾಕುವುದಕ್ಕಿಂತ ಇದಕ್ಕೆ ಸಮಯ ಜಾಸ್ತಿ ಹಿಡಿಯಿತು. ಆದರೆ ಇಡೀ ಸೂರು ಬಿಚ್ಚುವುದು ತಪ್ಪಿತು. ಗೋಡೆ ಅಲುಗಲಿಲ್ಲ.

ಹೆಂಚುಗಳಲ್ಲಿ ಒಡೆಯದವನ್ನು ತೊಳೆದು ಬೀದಿ ಕಡೆಗೆ ಹಾಕಿದೆವು. ಕಡಿಮೆ ಬಿದ್ದವಕ್ಕೆ ಹಳೇ ಮನೆ ಕೆಡವಿದ ಕಡೆಯಿಂದ ಹೆಂಚು ತಂದೆವು. ನಮ್ಮ ಮನೆ ಉಳಿಯಲಿ ಅಂತ ಇನ್ನೊಂದು ಮನೆಯ ಹೆಂಚು ತರಬೇಕಾಯಿತಲ್ಲ ಅಂತ ಬೇಜಾರೂ ಆಯಿತು.

ಆ ಬೇಜಾರಿಗೆ ಕಾರಣ ಕಾಯ್ದೆಯಲ್ಲೇ ಇದೆ. ಅದು ಕಾಯುವುದು ಸ್ಮಾರಕವನ್ನು. ಸುತ್ತಲಿನ ಬೀದಿಯನ್ನಲ್ಲ. 100 ಮೀಟರ್ ಒಳಗೆ ಎಷ್ಟು ದೂರ, ಎಷ್ಟು ಎತ್ತರ ಅಂತ ಕೇಳುತ್ತದೆ. ಜಗಲಿ ಇದೆಯಾ, ಕೆತ್ತನೆಯ ಕಂಬ ಇದೆಯಾ, ಈ ಮನೆಗೇ ಒಂದು ಬೆಲೆ ಇದೆಯಾ ಅಂತ ಕೇಳುವುದಿಲ್ಲ. ಕಂಬ ಕಿತ್ತು ಮಾರಿ ಶಟರ್ ಹಾಕಿದರೆ ತಡೆಯುವವರು ಯಾರು? ಅದಕ್ಕೆ ಅಂತಲೇ ಪ್ರತಿ ಸ್ಮಾರಕಕ್ಕೆ ಅದರದೇ ಪಾರಂಪರಿಕ ಉಪವಿಧಿ ಮಾಡಬೇಕು ಅಂತ ಅದೇ ತಿದ್ದುಪಡಿಯ 20ಇ ಕಲಮು ಹೇಳುತ್ತದೆ. ಯಾವ ಬೀದಿಗೆ ಎಂಥ ಸೂರು, ಎಷ್ಟು ಎತ್ತರ, ಎಂಥ ಮುಂಭಾಗ ಅಂತ ಆ ಊರಿನ ರೀತಿಗೆ ತಕ್ಕಂತೆ ಅದರಲ್ಲಿ ಬರೆಯಬಹುದು. ನನಗೆ ಭರವಸೆ ಇರುವುದು ಅದರ ಮೇಲೆ. ಹಂಪಿಗೆ 2002ರಲ್ಲೇ ರಾಜ್ಯ ಸರ್ಕಾರ ಬೇರೆ ಕಾಯ್ದೆ ಮಾಡಿ, ಬೇರೆ ಪ್ರಾಧಿಕಾರ ಇಟ್ಟಿತು. ಆನೆಗೊಂದಿಯ ಬಳಿಯ ಸೇತುವೆ ಕಾಮಗಾರಿಯಿಂದಾಗಿ 1999ರಲ್ಲಿ ಯುನೆಸ್ಕೋ ಹಂಪಿಯನ್ನು ಅಪಾಯದ ಪಟ್ಟಿಗೆ ಸೇರಿಸಿತ್ತು. ಅದರಿಂದ ಹೊರಬರಲು 2006ರವರೆಗೆ ಬೇಕಾಯಿತು. ಅಲ್ಲೂ ಎಲ್ಲ ಸುಖವಾಗಿಲ್ಲ. 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನು ಎಬ್ಬಿಸಿದ ರೀತಿ ನೋಡಿದರೆ, ನಿಯಮ ಬರೆಯುವ ಮೇಜಿನಲ್ಲಿ ಅಲ್ಲಿ ವಾಸ ಮಾಡುವವರಿಗೂ ಒಂದು ಕುರ್ಚಿ ಇರಲೇಬೇಕು ಅನ್ನಿಸುತ್ತದೆ.

ಆಗಸ್ಟ್: ಗೋಡೆ

ಗೋಡೆಯ ಬುಡದಲ್ಲಿ ಮೂರಡಿಯಷ್ಟು ಹಿಂದೆ ಯಾವಾಗಲೋ ಸಿಮೆಂಟ್ ಬಳಿದಿದ್ದರು. ನೆಲದಿಂದ ಏರುವ ತೇವ ಹೊರಗೆ ಹೋಗಲು ದಾರಿ ಇಲ್ಲದೆ ಸಿಮೆಂಟಿನ ಮೇಲಿನ ಭಾಗಕ್ಕೆ ಹತ್ತಿತ್ತು. ಅಲ್ಲಿ ಉಪ್ಪು ಹೊರಬಂದು, ಇಟ್ಟಿಗೆ ಪುಡಿಪುಡಿ. ಸಿಮೆಂಟ್ ಕಿತ್ತು, ಗೋಡೆಯನ್ನು ಆರಲು ಬಿಟ್ಟು, ಈಗ ಸುಣ್ಣದ ಗಾರೆ ಹಾಕುತ್ತಿದ್ದೇವೆ. ಒಂದು ಪಾಲು ಸುಣ್ಣ, ಮೂರು ಪಾಲು ಮರಳು, ಸ್ವಲ್ಪ ಇಟ್ಟಿಗೆ ಪುಡಿ. ಕಲಸಲು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ತೆಳ್ಳಗೆ ಒಂದು ಪದರ, ಅದು ಬಿಗಿದ ಮೇಲೆ ಇನ್ನೊಂದು. ಸುಣ್ಣ ಗಾಳಿ ಕುಡಿದು ನಿಧಾನವಾಗಿ ಗಟ್ಟಿಯಾಗುತ್ತದೆ. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಒದ್ದೆ ಗೋಣಿಚೀಲ ಇಳಿಬಿಟ್ಟು ಬಿಸಿಲು ತಾಗದ ಹಾಗೆ ನೋಡಿಕೊಳ್ಳುವುದು ದೊಡ್ಡಮ್ಮನ ಪಾಲಿಗೆ ಬಂದಿದೆ. ಅವರು ಮೇಸ್ತ್ರಿಗಿಂತ ಶಿಸ್ತು.

ಮುಂದೆ: ಬಚ್ಚಲು

ಈಗ ಇರುವ ಪ್ರಶ್ನೆ ಇದೊಂದೇ. ದೊಡ್ಡಪ್ಪನಿಗೆ ಮಂಡಿ ನೋವು. ಹಿತ್ತಲಿನ ಪಾಯಿಖಾನೆಗೆ ನಡೆಯಲು ಕಷ್ಟ. ಮನೆಗೆ ತಾಗಿಸಿ ಹೊಸದೊಂದು ಕಟ್ಟಿಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಕಾಯ್ದೆ ಚರಂಡಿ ಕೆಲಸಕ್ಕೆ, ಸಾರ್ವಜನಿಕ ಶೌಚಾಲಯಕ್ಕೆ ವಿನಾಯಿತಿ ಕೊಟ್ಟಿದೆ. ಮನೆಯವರ ಶೌಚಾಲಯದ ಮಾತು ಅದರಲ್ಲಿ ಇಲ್ಲ. ಹಿತ್ತಲಲ್ಲಿ ಹೊಸ ಗೋಡೆ ಎಬ್ಬಿಸಿದರೆ ಅದು ಹೊಸ ಕಟ್ಟಡವೇ. ಹಾಗಾಗಿ ಅಡುಗೆಮನೆ ಪಕ್ಕದ ಉಗ್ರಾಣವನ್ನೇ ಬಚ್ಚಲು ಮಾಡುವ ನಕ್ಷೆ ಬರೆಸಿದ್ದೇವೆ. ಹೊರಗಿನ ಗೋಡೆ ಇದ್ದ ಹಾಗೇ ಇರುತ್ತದೆ, ಕಿಟಕಿ ಇದ್ದ ಹಾಗೇ ಇರುತ್ತದೆ, ಒಳಗೆ ಮಾತ್ರ ಬದಲಾವಣೆ. ಮೊದಲ ಅರ್ಜಿಯಲ್ಲಿ ಇದು ಇರಲಿಲ್ಲ, ಹಾಗಾಗಿ ಬೇರೆ ಅರ್ಜಿ. ಗಾರೆ ಕೆಲಸ ಮುಗಿಯುವ ಹೊತ್ತಿಗೆ ಉತ್ತರ ಬಂದರೆ ಅದೇ ಆಳುಗಳನ್ನು ಇಟ್ಟುಕೊಂಡು ಮುಂದುವರಿಯುತ್ತೇವೆ. ಪಕ್ಕದ ಮನೆಯವರೂ ತಮ್ಮ ಕಂದಾಯದ ರಸೀದಿಗಳನ್ನು ಹುಡುಕಲು ಶುರುಮಾಡಿದ್ದಾರೆ. ಅವರ ಸೂರು ನಮ್ಮದಕ್ಕಿಂತ ಹಾಳಾಗಿದೆ. ಭಾನುವಾರ ಅವರ ಮನೆಯ ಅಳತೆ.